ಸ್ವಯಂ ಮೇಸ್ತ್ರಿ

ಅಳದಂಗಡಿ ಪೇಟೆಯಲ್ಲಿ ಸ್ವಯಂ ಮೇಸ್ತ್ರಿಯನ್ನು ಗುರುತಿಸುವುದು ಸುಲಭ. ಕಿಸೆಯಲ್ಲಿ ಮೊಬೈಲಿನ ಜೊತೆಗೆ ಅಳತೆ ಟೇಪು, ಮೊಣಕಾಲಿನಲ್ಲಿ ಒಣಗಿದ ಸಿಮೆಂಟು. ಹೋಟೆಲಿನಲ್ಲಿ ಚಾ ಕುಡಿಯುವಾಗ ಕಣ್ಣು ಗ್ಲಾಸಿನ ಮೇಲಲ್ಲ, ನೆಲದ ಮೇಲೆ. "ಈ ಜಾಯಿಂಟು ನೋಡಿ ಮಾರಾಯ್ರೆ, ಇದೊಂದು ಕೆಲಸವಾ?" ಎಂದು ಸಪ್ಲೈಯರನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಇವರನ್ನು ಭಟ್ರು ಅನ್ನಿ, ಶೆಟ್ರು ಅನ್ನಿ, ಪೂಜಾರ್ರು ಅನ್ನಿ, ಡಿಸೋಜರು ಅನ್ನಿ. ಮನೆಯ ನೆಲಕ್ಕೆ ತಾವೇ ಟೈಲ್ಸ್ ಹಾಕುವ ಈ ಕಾಯಿಲೆಗೆ ಜಾತಿಯಿಲ್ಲ.

ಹಿಡಿಯುವುದು ಸಾಮಾನ್ಯವಾಗಿ ಆಟಿ ತಿಂಗಳಲ್ಲಿ. ಹೊರಗೆ ಧೋ ಎಂದು ಮಳೆ, ತೋಟಕ್ಕೆ ಇಳಿಯುವ ಹಾಗಿಲ್ಲ, ರಬ್ಬರ್ ಟ್ಯಾಪಿಂಗೂ ಬಂದ್. ಆಟಿಯಲ್ಲಿ ಶುಭಕಾರ್ಯ ಮಾಡಬಾರದಲ್ಲ ಎಂದು ಯಾರಾದರೂ ನೆನಪಿಸಿದರೆ, ಟೈಲ್ಸ್ ಹಾಕುವುದು ಶುಭಕಾರ್ಯವೇ ಅಲ್ಲ ಎಂದು ವಾದಿಸುತ್ತಾರೆ. ಮನೆಯಾಕೆ ಈ ಮಾತನ್ನು ಒಪ್ಪುವುದು ಸ್ವಲ್ಪ ತಡವಾಗಿ. ಮೇಸ್ತ್ರಿ ಚದರಡಿಗೆ ಕೇಳಿದ ಮಜೂರಿ ಹೆಚ್ಚಾಯಿತಂತೆ. ಮೊಬೈಲಿನಲ್ಲಿ ಯಾರೋ ಹುಡುಗ ಒಂದು ಇಡೀ ಕೋಣೆಯನ್ನು ಎಂಟು ನಿಮಿಷದಲ್ಲಿ ಮುಗಿಸಿದ್ದಾನಂತೆ.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿ ದೇಶದ ಮಾಡುಗಳಿಗೆಲ್ಲ ಹಂಚು ಹೊದೆಸಿದ ಜಿಲ್ಲೆ ನಮ್ಮದು. ಈಗ ನೆಲಕ್ಕೆ ಗುಜರಾತಿನ ಮೋರ್ಬಿಯಿಂದ ಲಾರಿ ಬರಬೇಕು. ಎರಡಡಿ ಚೌಕದ್ದು, ಬಾಕ್ಸಿಗೆ 4, ಹೆಚ್ಚುಕಡಿಮೆ 16 ಚದರಡಿ. ಒಡೆತ ತುಂಡು ಅಂತ ನೂರಕ್ಕೆ ಹತ್ತು ಹೆಚ್ಚಿಗೆ ತೆಗೊಳ್ಳಿ ಎಂದು ಅಂಗಡಿಯವನು ಹೇಳಿದರೆ ಇವರು ನಗುತ್ತಾರೆ: "ನಾವು ಒಡೆಯುವವರಲ್ಲ." ವಾರ ಕಳೆದು ಪುನಃ ಅದೇ ಅಂಗಡಿಗೆ ಹೋದಾಗ ಆ ಬ್ಯಾಚ್ ಮುಗಿದಿರುತ್ತದೆ. ಹಾಗಾಗಿ ಚಾವಡಿಯ ಮೂಲೆಯೊಂದು ಬೇರೆಯೇ ಬಿಳಿ. ಕೇಳಿದರೆ ಅದು ಡಿಸೈನ್.

ಹಳೆ ಮನೆಯ ಮುರಕಲ್ಲಿನ ಗೋಡೆಗಳು ಒಂದಕ್ಕೊಂದು ಮಟ್ಟಸ ಕೂತಿರುವುದು ಅಪರೂಪ. ಮೂಲೆಯಿಂದ ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಅಳೆದು ಗುರುತು ಹಾಕಿದರೆ ಎರಡು ಗುರುತುಗಳ ನಡುವೆ ಐದಡಿ ಬರಬೇಕು; ಬಾರದಿದ್ದರೆ ಗೋಡೆಯನ್ನು ನಂಬದೆ ಕೋಣೆಯ ನಡುವಿನಿಂದ ನೂಲು ಹಿಡಿಯಬೇಕು. ಇವರಿಗೆ ಅಜ್ಜ ಕಟ್ಟಿಸಿದ ಗೋಡೆಯ ಮೇಲೆ ಪೂರ್ಣ ವಿಶ್ವಾಸ. ಗೋಡೆಗುಂಟ ಸಾಲು ಹಿಡಿದುಕೊಂಡು ಹೋಗಿ ಆಚೆ ಬದಿ ತಲುಪಿದಾಗ ಉಳಿದ ಸಂದು ಒಂದು ಕೊನೆಯಲ್ಲಿ ಎರಡು ಇಂಚು, ಇನ್ನೊಂದು ಕೊನೆಯಲ್ಲಿ ಐದು. ಅಜಿಲ ಅರಸರು 1604ರಲ್ಲಿ ಏಕಶಿಲೆಯ ಗೊಮ್ಮಟನನ್ನು ನೆಟ್ಟಗೆ ನಿಲ್ಲಿಸಿದ ವೇಣೂರು ಇಲ್ಲಿಗೆ ದೂರವೇನಲ್ಲ. ಆ ಗೊಮ್ಮಟನಿಗೆ ಇವರು ಲೆವೆಲ್ ಇಟ್ಟಿಲ್ಲವೆಂಬುದು ಸಮಾಧಾನ.

ಬಾಕ್ಸಿನಲ್ಲಿ ಬಂದದ್ದು ವಿಟ್ರಿಫೈಡ್; ಅದು ನೀರು ಹೀರುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇವರು ಮಾತ್ರ ಹಿಂದಿನವರು ಹೇಳಿದ್ದುಂಟು ಎಂದು ರಾತ್ರಿಯಿಡೀ ನೆನೆಹಾಕುತ್ತಾರೆ. ಇನ್ನು ಗಮ್ಮು ಕಲಸುವುದು ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಡ್ರಮ್ಮಿನಲ್ಲಿ. ಆ ಡ್ರಮ್ಮಿನ ಎದುರು ಅವರ ಶಿಸ್ತು ನೋಡಬೇಕು! ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಗ್ರಾಂ ಆಚೀಚೆ ಆದರೆ ಆಳಿಗೆ ಸಹಸ್ರನಾಮ. ಅದೇ ಮನುಷ್ಯನಿಗೆ ಗಮ್ಮಿನ ಚೀಲದ ಮೇಲೆ ಅಚ್ಚಾದ ನೀರಿನ ಲೆಕ್ಕ ಕಂಪೆನಿಯವರ ಬಡಾಯಿ. ಒಮ್ಮೆಗೇ ಇಡೀ ಚೀಲ ಸುರಿದು, ನಡುವೆ ಫೋನು ಬಂದು ಅಡಿಕೆ ರೇಟಿನ ಮಾತು ಮುಗಿಸಿ ಬರುವಷ್ಟರಲ್ಲಿ ಕರಣೆ ಡ್ರಮ್ಮಿನಲ್ಲೇ ನೆಟ್ಟಗೆ ನಿಂತಿರುತ್ತದೆ.

ಕೆಳಗಿದ್ದದ್ದು ಕನ್ನಡಿಯಂಥ ಕಾವಿ ನೆಲ. ಅದನ್ನು ಉಳಿಯಿಂದ ಕಚ್ಚು ಮಾಡದಿದ್ದರೆ ಮೇಲಿನದ್ದು ಹಿಡಿದುಕೊಳ್ಳುವುದಿಲ್ಲ. ಒಳ್ಳೆಯ ನೆಲವನ್ನು ಯಾಕೆ ಗಾಯ ಮಾಡುವುದು ಎಂದು ಇವರು ಹಾಗೇ ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ನೆಲವನ್ನು ಮುಟ್ಟಲೇಬಾರದಿತ್ತು, ಆದರೆ ಕೇಳಿದವರಿಲ್ಲ. ತಿಂಗಳೊಳಗೆ ಅಲ್ಲಲ್ಲಿ ಟೊಪ ಟೊಪ ಎಂಬ ಟೊಳ್ಳು ಸದ್ದು. ಮನೆಯ ಸಾಮಾನು ಆಮೇಲೆ ಆ ಸದ್ದಿನ ಪ್ರಕಾರ ಕೂರುತ್ತದೆ: ಮಂಚ ನಡುಮನೆಗೆ, ಕಪಾಟು ಬಾಗಿಲಿಗೆ ಅರ್ಧ ಅಡ್ಡ, ಫ್ರಿಜ್ಜು ಚಾವಡಿಯ ಸರಿ ಮಧ್ಯದಲ್ಲಿ. ನೆಂಟರಿಗೆ, "ಅಲ್ಲಿ ಬೇಡ, ಇಲ್ಲಿ ಗಾಳಿ ಬರ್ತದೆ, ಕೂತುಕೊಳ್ಳಿ." ಬಚ್ಚಲಿನ ನೀರು ಕೊಳವೆಯ ಕಡೆಗೆ ಬೆನ್ನು ಹಾಕಿ ಅಡುಗೆಮನೆಯತ್ತ ಹೊರಡುವುದನ್ನು ಮಾತ್ರ ಯಾವ ಕಪಾಟಿನಿಂದಲೂ ಮುಚ್ಚಲಾಗಲಿಲ್ಲ.

ಕಡೆಗೊಂದು ಮುಸ್ಸಂಜೆ ನಿಜವಾದ ಮೇಸ್ತ್ರಿಗೆ ಕರೆ ಹೋಗುತ್ತದೆ, ಬರೇ ಚಾ ಕುಡಿಯಲಿಕ್ಕೆ. ಅವನು ಕರಣೆಯ ಹಿಡಿಯಿಂದ ಎರಡು ಕಡೆ ತಟ್ಟುತ್ತಾನೆ. ಮಾಡು ನೋಡುತ್ತಾನೆ. ಮನೆಯಾಕೆಯ ಮುಖ ನೋಡುತ್ತಾನೆ. "ಚಾ ಒಳ್ಳೆದುಂಟು" ಎಂದು ಹೇಳಿ ಹೊರಡುತ್ತಾನೆ.

ಕಟ್ಟರ್, ರಬ್ಬರ್ ಸುತ್ತಿಗೆ, ಲೆವೆಲಿಂಗ್ ಕ್ಲಿಪ್ಪು, ಎರಡನೇ ಸಲದ ಬಾಕ್ಸು, ಹೊಸ ಡ್ರಮ್ಮು ಎಲ್ಲ ಕೂಡಿಸಿದರೆ ಮೇಸ್ತ್ರಿಯ ಮಜೂರಿ ದಾಟುತ್ತದೆ. ಅದು ಖರ್ಚಲ್ಲ, ಆಸ್ತಿಯಂತೆ. ಆ ಕಟ್ಟರನ್ನು ಈಗ ಪಕ್ಕದ ಮನೆಯವರು ಎರವಲು ಕೇಳಿಕೊಂಡು ಹೋಗಿದ್ದಾರೆ. ಅವರ ಮೊಣಕಾಲಿನಲ್ಲೂ ಸಿಮೆಂಟು ಕಾಣುತ್ತಿದೆ. ನೀವು ಈ ಕಡೆ ಯಾರ ಮನೆಗಾದರೂ ಬಂದರೆ, ಹೊಸ ನೆಲ ಕಂಡ ಕೂಡಲೇ "ಯಾರು ಹಾಕಿದ್ದು?" ಎಂದು ದಯವಿಟ್ಟು ಕೇಳಬೇಡಿ. ಗುರುವಾಯನಕೆರೆಗೆ ಕೊನೆಯ ಬಸ್ಸು ತಪ್ಪುತ್ತದೆ.