ಅಮಾನತಿನಲ್ಲಿರುವ ಬ್ರೇಕ್ ಬಲ್ಬಿನ ಜೊತೆ ಮುಖಾಮುಖಿ

ಬೆಂಗಳೂರಿನ ಒಂದು ಬಡಾವಣೆ. ಗೇಟಿನೊಳಗೆ ಹದಿನೈದನೇ ವರ್ಷಕ್ಕೆ ಕಾಲಿಟ್ಟಿರುವ ಸಣ್ಣ ಕಾರು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯಸ್ಸು. ಆಮೇಲೂ ಓಡಬೇಕಾದರೆ ಆರ್‌ಟಿಒ ಮುಂದೆ ನಿಂತು ಎಫ್‌ಸಿ ಮಾಡಿಸಬೇಕು. ಆ ದಿನ ಹತ್ತಿರ ಬಂದಿದ್ದರಿಂದ ಮಾಲೀಕರಾದ ರಾಯರಿಗೆ ತಮ್ಮ ಗಾಡಿಗೆ ಹಿಂಭಾಗ ಅಂತಲೂ ಒಂದಿದೆ ಎಂಬುದು ನೆನಪಾಗಿದೆ. ಎಡಗಡೆ ಬ್ರೇಕ್ ಲೈಟು ಉರಿಯುತ್ತಿಲ್ಲ. ರಾಯರು ಬಲ್ಬು ಕಿತ್ತರು, ಹೊಸದು ಹಾಕಿದರು. ಅದೂ ಉರಿಯಲಿಲ್ಲ. ಈಗ ಅವರು ಸ್ಕ್ರೂಡ್ರೈವರ್ ಹಿಡಿದು ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಡಿಕ್ಕಿಯ ಅಂಚಿನ ಮೇಲೆ ಕೂತಿದ್ದಾರೆ. ಕಿತ್ತ ಬಲ್ಬನ್ನು ಕಾಂಪೌಂಡ್ ಗೋಡೆಯ ಮೇಲೆ ಹಳೇ ಪೇಪರಿನ ಚೂರಿನಲ್ಲಿ ಇಟ್ಟಿದ್ದಾರೆ. ನಮ್ಮ ಮಾತುಕತೆ ಅದರ ಜೊತೆ.

ನಾವು: ನಮಸ್ಕಾರ. ತಮ್ಮ ಪರಿಚಯ ಮಾಡಿಕೊಳ್ಳಬಹುದೆ?

ಬಲ್ಬು: ಹೆಸರು ಅಂತ ಏನೂ ಇಲ್ಲ ಸ್ವಾಮಿ. ಹಣೆಬರಹ ಬುಡದಲ್ಲಿ ಕೆತ್ತಿದ್ದಾರೆ, ಓದಿಕೊಳ್ಳಿ. 12 ವೋಲ್ಟ್, 21/5 ವ್ಯಾಟ್. ಅಂಗಡಿಯವರು ಡಬಲ್ ಕಾಂಟ್ಯಾಕ್ಟ್ ಅಂತ ಕರೀತಾರೆ. ಒಳಗೆ ಎರಡು ತಂತಿ. 5 ವ್ಯಾಟಿನದು ರಾತ್ರಿ ಹಿಂದೆ ಕೆಂಪಗೆ ಕಾಣೋದಕ್ಕೆ, 21 ವ್ಯಾಟಿನದು ಬ್ರೇಕ್ ಒತ್ತಿದಾಗ ಭಗ್ ಅನ್ನೋದಕ್ಕೆ. ಒಬ್ಬನೇ ನೌಕರ, ಎರಡು ಹುದ್ದೆ. ಹೆಚ್ಚುವರಿ ಪ್ರಭಾರದ ಭತ್ಯೆ ಕೇಳಬೇಡಿ, ಕೊಟ್ಟಿಲ್ಲ.

ನಾವು: ಸದ್ಯ ಅಮಾನತಿನಲ್ಲಿದ್ದೀರಿ. ಆರೋಪ ಏನು?

ಬಲ್ಬು: ಕರ್ತವ್ಯಲೋಪ. ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಒತ್ತಿ ಎಡಕ್ಕೆ ತಿರುಗಿಸಿ ಹೊರಗೆಳೆದುಬಿಟ್ಟರು. ಸತ್ತ ಬಲ್ಬು ಹೇಗಿರುತ್ತೆ ಅಂತ ರಾಯರಿಗೆ ಗೊತ್ತಿದ್ದರೆ ತಾನೆ? ತಂತಿ ತುಂಡಾಗಿ ನೇತಾಡುತ್ತೆ, ಇಲ್ಲಾ ಗಾಜಿನ ಒಳಗೆ ಮಸಿ ಹಿಡಿದಿರುತ್ತೆ. ನನ್ನನ್ನ ಒಂದು ಸಲ ಬೆಳಕಿಗೆ ಹಿಡಿದು ನೋಡಿ.

(ನೋಡಿದೆವು. ಗಾಜು ತಿಳಿಯಾಗಿತ್ತು. ಎರಡು ಸುರುಳಿಗಳೂ ಎಳೆ ತಪ್ಪದೆ ನಿಂತಿದ್ದವು. ಬುಡದ ಎರಡು ಸೀಸದ ಚುಕ್ಕೆಗಳ ಮೇಲೆ ಮಾತ್ರ ಬೂದು ಬಣ್ಣದ ಪೊರೆ.)

ನಾವು: ಹಾಗಾದರೆ ನೀವು ನಿರಪರಾಧಿ!

ಬಲ್ಬು: ಮತ್ತೆ? ರಾಯರು ದುಡ್ಡು ಖರ್ಚು ಮಾಡೋ ಮೊದಲು ಬಿಟ್ಟಿಯಾಗಿ ಮಾಡಬಹುದಾದ ಪರೀಕ್ಷೆ ಒಂದಿತ್ತು. ಬಲಗಡೆ ಬಲ್ಬನ್ನ ಎಡಕ್ಕೆ, ನನ್ನನ್ನ ಬಲಕ್ಕೆ ಹಾಕಬೇಕು. ಕತ್ತಲೆ ನನ್ನ ಹಿಂದೆಯೇ ಬಲಕ್ಕೆ ಬಂದರೆ ತಪ್ಪು ನನ್ನದು, ಒಪ್ಪಿಕೊಳ್ತೀನಿ. ಎಡದಲ್ಲೇ ಕೂತರೆ ತಪ್ಪು ಕುರ್ಚೀದು, ಅದರಲ್ಲಿ ಕೂತವನದಲ್ಲ. ಸರ್ಕಾರದಲ್ಲೂ ಹೀಗೆ ವರ್ಗಾವಣೆ ಮಾಡಿ ನೋಡೋ ಪದ್ಧತಿ ಇದ್ದಿದ್ದರೆ ಎಷ್ಟೋ ಜನ ಅಧಿಕಾರಿಗಳ ಮರ್ಯಾದೆ ಉಳೀತಿತ್ತು.

ನಾವು: ರಾಯರು ಏನು ಮಾಡಿದರು?

ಬಲ್ಬು: ಹೊಸ ಬಲ್ಬು ತಂದರು. ಅದು ಉರೀಲಿಲ್ಲ. "ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ" ಅಂತ ಅಂಗಡಿಯವನನ್ನ ಬೈದರು. ಮೂಲೇಲಿರೋ ಎಲೆಕ್ಟ್ರೀಷಿಯನ್‌ಗೆ ತೋರಿಸಿದರು. ಅವನು ಕೈ ಕೂಡ ಹಾಕದೆ "ವೈರಿಂಗ್ ಪೂರಾ ಹೋಗಿದೆ ಸಾರ್" ಅಂದ. ದೊಡ್ಡ ವರ್ಕ್‌ಶಾಪಿಗೆ ಫೋನ್ ಮಾಡಿದರು. ಅಲ್ಲಿಂದ ಬಂದ ಉತ್ತರ: ಟೇಲ್ ಲ್ಯಾಂಪ್ ಅಸೆಂಬ್ಲಿ ಇಡಿಯಾಗಿ ಬದಲಾಯಿಸಬೇಕು. ಜೆ.ಸಿ. ರಸ್ತೆಗೆ ಹೋದರೆ ಒಂದು ಮಸಾಲೆದೋಸೆಯ ದುಡ್ಡಿಗೆ ಬಲ್ಬು ಸಿಗುತ್ತೆ ಸ್ವಾಮಿ. ಆದರೆ ಯಾರಿಗೂ ಕಾಯಿಲೆ ಏನು ಅಂತ ನೋಡೋ ಆಸಕ್ತಿ ಇಲ್ಲ, ಎಲ್ಲರಿಗೂ ಅಂಗಾಂಗ ಕಸಿ ಮಾಡೋ ಉಮೇದು.

ನಾವು: ದೀಪ ಹೋಗಿ ಎಷ್ಟು ದಿನವಾಗಿತ್ತು?

ಬಲ್ಬು: ಯಾರಿಗೆ ಗೊತ್ತು? ಅದೇ ನನ್ನ ಕಷ್ಟ. ಹೆಡ್‌ಲೈಟು ಹೋದರೆ ರಸ್ತೆ ಕಾಣಲ್ಲ, ಅವತ್ತೇ ರಿಪೇರಿ. ಹಾರನ್ ಹೋದರೆ ಊರಲ್ಲಿ ಬದುಕೋದೇ ಕಷ್ಟ, ಅರ್ಧ ಗಂಟೇಲಿ ರಿಪೇರಿ. ನಾನು ಹೋದರೆ ಆಯುಧಪೂಜೆಗೆ. ಕಾರಲ್ಲಿ ಮಾಲೀಕರು ಕೂತ ಜಾಗದಿಂದ ಯಾವತ್ತೂ ಕಾಣದ ದೀಪ ನಾನು. ನಾನು ಉರಿಯೋದು ಹಿಂದಿನವರಿಗೋಸ್ಕರ. ರಾಯರು ಈ ಹದಿನಾಲ್ಕು ವರ್ಷದಲ್ಲಿ ಸೀಟ್ ಕವರು ಬದಲಾಯಿಸಿದರು, ಮ್ಯೂಸಿಕ್ ಸಿಸ್ಟಂ ಬದಲಾಯಿಸಿದರು, ಕಾಲಡಿಗೆ ನೀಲಿ ಬೆಳಕು ಬರೋ ಪಟ್ಟಿ ಅಂಟಿಸಿದರು. ಕಾಲಿಗೆ ಯಾಕೆ ಬೆಳಕು ಸ್ವಾಮಿ? ಬ್ರೇಕು ಎಲ್ಲಿದೆ ಅಂತ ಹುಡುಕೋದಕ್ಕಾ?

ನಾವು: ಹೊಗೆ ಪರೀಕ್ಷೆಗಾದರೂ ಹೋಗುತ್ತಾರಲ್ಲ?

ಬಲ್ಬು: ಹೋಗ್ತಾರೆ. ಆ ಹುಡುಗ ಬಗ್ಗಿ ಸೈಲೆನ್ಸರಿಗೆ ಕೊಳವೆ ತೂರಿಸ್ತಾನೆ, ನಂಬರ್ ಪ್ಲೇಟಿನ ಫೋಟೋ ತೆಗೀತಾನೆ. ಎರಡರ ಮಧ್ಯೆ ಒಂದು ಮೊಳ ದೂರದಲ್ಲಿ ನಾನಿದ್ದೀನಿ. ತಿರುಗಿ ನೋಡಲ್ಲ. ಅದು ಅವನ ಇಲಾಖೆ ಅಲ್ಲ.

ನಾವು: ಆಯುಧಪೂಜೆ ಅಂದಿರಿ. ಅವತ್ತಾದರೂ ಗೌರವ ಸಿಗುತ್ತದೆಯಲ್ಲವೆ?

ಬಲ್ಬು: ಸಿಗುತ್ತೆ. ನನ್ನ ಗಾಜಿನ ಮೇಲೆ ವಿಭೂತಿ, ಅದರ ನಡುವೆ ಕುಂಕುಮ, ಮೇಲಿಂದ ಇಳಿಬಿಟ್ಟ ಚೆಂಡು ಹೂವಿನ ಹಾರ. ಬ್ರೇಕ್ ಒತ್ತಿದರೆ ಬೆಳಕು ಹಾರದೊಳಗೇ ಉಳಿಯುತ್ತೆ. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಅಪಘಾತ ತಪ್ಪಲಿ ಅಂತ ಬೇಡಿಕೊಂಡು, ಅಪಘಾತ ತಪ್ಪಿಸೋನ ಕಣ್ಣಿಗೆ ವಿಭೂತಿ ಬಳಿದು ಹೊರಡ್ತಾರೆ.

ನಾವು: ಹಿಂದಿನ ಗಾಜಿನ ಮೇಲುಗಡೆ ನಿಮ್ಮ ಸಹೋದ್ಯೋಗಿ ಒಬ್ಬರಿದ್ದಾರೆ, ಮೂರನೇ ಬ್ರೇಕ್ ಲೈಟು...

ಬಲ್ಬು: ಅವನ ಸುದ್ದಿ ಎತ್ತಬೇಡಿ. ವಿದೇಶದಲ್ಲಿ ಓದಿ ಬಂದವನು! 1974ರಲ್ಲಿ ವೋವೋಡ್‌ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳಿಗೆ ಮೂರನೇ ದೀಪ ಕಟ್ಟಿ ನೋಡಿದರು. ಹಿಂದಿನಿಂದ ಗುದ್ದಿಸಿಕೊಳ್ಳೋದು ಸುಮಾರು ಶೇ. 60ರಷ್ಟು ಕಡಿಮೆಯಾಯಿತಂತೆ. ಆಮೇಲೆ ಅಮೆರಿಕದಲ್ಲಿ 1986ರ ಮಾದರಿಯ ಕಾರುಗಳಿಂದ ಕಡ್ಡಾಯ ಮಾಡಿದರು. ಅಷ್ಟು ದೊಡ್ಡ ಮನುಷ್ಯ. ನಮ್ಮ ಗಾಡೀಲಿ ಏನಾಗಿದೆ ನೋಡಿ: ಅವನ ಮುಂದೆ ಒಂದು ಟೆಡ್ಡಿ ಕರಡಿ, ಎರಡು ದಿಂಬು, ಗಾಜಿಗೆ ಕಪ್ಪು ಫಿಲಂ, ಅದರ ಮೇಲೆ ಮನೆದೇವರ ಸ್ಟಿಕ್ಕರ್. ಪಾಪ, ಅವನು ಉರಿದರೂ ಕರಡಿಯ ಬೆನ್ನು ಕೆಂಪಗಾಗುತ್ತೆ ಅಷ್ಟೇ.

ನಾವು: ಅವರು ಎಲ್‌ಇಡಿ. ನೀವು ಹಳೇ ಕಾಲದ ತಂತಿ. ಪೈಪೋಟಿ ಇದೆಯೆ?

ಬಲ್ಬು: ಸತ್ಯ ಹೇಳಬೇಕು. ತಂತಿ ಕಾದು ಪೂರ್ತಿ ಬೆಳಗೋದಕ್ಕೆ ನನಗೆ ಸುಮಾರು 0.2 ಸೆಕೆಂಡು ಬೇಕು, ಅವನಿಗೆ ಕಾಯೋ ಕೆಲಸವೇ ಇಲ್ಲ. ಗಂಟೆಗೆ 80 ಕಿ.ಮೀ. ಓಡೋ ಗಾಡಿ ಅಷ್ಟರಲ್ಲಿ ನಾಲ್ಕು ಮೀಟರ್ ದಾಟಿರುತ್ತೆ. ಅಂದರೆ ನೆಲಮಂಗಲದ ಕಡೆ ಹೈವೇಲಿ ಒಂದು ಕಾರಿನುದ್ದದ ವ್ಯತ್ಯಾಸ. ಸಿಲ್ಕ್ ಬೋರ್ಡ್ ಹತ್ತಿರ ಆದರೆ ಬಿಡಿ, ಅಲ್ಲಿ ನಾವಿಬ್ಬರೂ ಸಮಾನರು. ಗಾಡಿ ಓಡಿದರೆ ತಾನೆ ಬ್ರೇಕು?

ನಾವು: ನಿಮ್ಮ ವಂಶದ ಮೂಲಪುರುಷರು ಯಾರು?

ಬಲ್ಬು: ಪುರುಷರಲ್ಲ, ಹೆಂಗಸು. ಫ್ಲಾರೆನ್ಸ್ ಲಾರೆನ್ಸ್ ಅಂತ ಮೂಕಿಚಿತ್ರಗಳ ದೊಡ್ಡ ತಾರೆ. ಕಾರು ಅಂದರೆ ಪ್ರಾಣ. ನೂರು ವರ್ಷಕ್ಕೂ ಹಿಂದೆ, ಬ್ರೇಕ್ ಪೆಡಲ್ ಒತ್ತಿದರೆ ಗಾಡಿಯ ಹಿಂದೆ 'ಸ್ಟಾಪ್' ಅನ್ನೋ ಫಲಕ ಎದ್ದು ನಿಲ್ಲೋ ಹಾಗೆ ಮಾಡಿದ್ದರು. ಪೇಟೆಂಟ್ ಮಾಡಿಸಲಿಲ್ಲ, ಕಾಸೂ ಬರಲಿಲ್ಲ. ಬೇರೆಯವರಿಗೆ ಉಪಕಾರ ಮಾಡೋ ವಸ್ತುವಿನ ಜಾತಕವೇ ಹಾಗೆ.

ನಾವು: ಈಗ ವಿಚಾರಣೆಗೆ ಬರೋಣ. ನೀವಲ್ಲದಿದ್ದರೆ ತಪ್ಪಿತಸ್ಥರು ಯಾರು? ಫ್ಯೂಸೆ?

ಬಲ್ಬು: ಅವರ ಹೆಸರು ಕೆಡಿಸಬೇಡಿ. ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಡೋದು ಈ ದೇಶದಲ್ಲಿ ಫ್ಯೂಸ್ ಒಂದೇ. ಅದು ಹೋಗಿದ್ದರೆ ಎಡ, ಬಲ, ಮೇಲೆ, ಮೂರೂ ಒಟ್ಟಿಗೆ ಆರಬೇಕಿತ್ತು. ಕೆಲವು ಗಾಡಿಗಳಲ್ಲಿ ಹಾರನ್ನಿಗೂ ನಮಗೂ ಒಂದೇ ಫ್ಯೂಸು. ಅಂಥ ಗಾಡಿಯ ಬಲ್ಬುಗಳು ಪುಣ್ಯವಂತರು: ಹಾರನ್ ನೆಪದಲ್ಲಾದರೂ ಪತ್ತೆಯಾಗ್ತಾರೆ. ಅಂದಹಾಗೆ ಇದನ್ನ ಬರೆದುಕೊಳ್ಳಿ. ಕೆಂಪು ಫ್ಯೂಸು 10 ಆಂಪಿಯರ್, ನೀಲಿ 15. ಕೆಂಪು ಇದ್ದ ಕಡೆ ಕೆಂಪೇ ಹಾಕಬೇಕು. ನೀಲಿ ಹಾಕಿ "ಇದು ಸ್ಟ್ರಾಂಗು" ಅನ್ನೋರೂ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೂರಿಸೋರೂ ಇದ್ದಾರೆ. ರಾಜೀನಾಮೆ ಕೊಡೋಕೆ ಬಿಡದೆ ಮನೆ ಸುಟ್ಟುಕೊಳ್ಳೋ ಜನ.

ನಾವು: ಪೆಡಲಿನ ಹತ್ತಿರ ಒಂದು ಸ್ವಿಚ್ ಇದೆಯಂತೆ?

ಬಲ್ಬು: ಮೇಲಧಿಕಾರಿ. ಬ್ರೇಕ್ ಪೆಡಲಿನ ನೆತ್ತಿಯ ಹತ್ತಿರ ಕತ್ತಲಲ್ಲಿ ಕೂತಿರ್ತಾರೆ. ಪೆಡಲು ಅವರ ಮೂಗನ್ನ ಒತ್ತಿಹಿಡಿದಷ್ಟು ಹೊತ್ತು ಸುಮ್ಮನಿರ್ತಾರೆ. ಬ್ರೇಕ್ ತುಳಿದಾಗ ಮೂಗು ಸಡಿಲವಾಗಿ ಆಜ್ಞೆ ಹೊರಡುತ್ತೆ. ಅವರು ಕೆಟ್ಟರೂ ಮೂವರೂ ಆರ್ತೀವಿ. ಇನ್ನೊಂದು ಥರ ಕೆಡೋದೂ ಉಂಟು. ಮೂಗಿಗೆ ಎದುರಾಗಿ ಪೆಡಲಿನಲ್ಲಿ ಗುಂಡಿಯಷ್ಟು ಚಿಕ್ಕ ಪ್ಲಾಸ್ಟಿಕ್ ಬಿರಡೆ ಇರುತ್ತೆ. ವರ್ಷಗಳಾದ ಮೇಲೆ ಅದು ಪುಡಿಯಾಗಿ ಮ್ಯಾಟಿನ ಮೇಲೆ ಉದುರುತ್ತೆ. ಮೂಗು ಆ ತೂತಿನಲ್ಲಿ ತೂರಿಕೊಂಡು, ಯಾರೂ ಬ್ರೇಕ್ ತುಳಿಯದೆಯೂ ದೀಪ ಉರೀತಾ ಇರುತ್ತೆ. ಪಕ್ಕದ ಮನೆ ಕಾರಿಗೆ ಹಾಗೇ ಆಯಿತು. ಎರಡು ಬಲ್ಬು ಸೇರಿ 42 ವ್ಯಾಟು, ಅಂದರೆ ಮೂರೂವರೆ ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಲೆಕ್ಕ ಹಾಕಿ. ರಾತ್ರಿ ಎಂಟಕ್ಕೆ ನಿಲ್ಲಿಸಿದ್ದು ಬೆಳಗ್ಗೆ ಆರಕ್ಕೆ ಕಮಕ್ ಕಿಮಕ್ ಅನ್ನಲಿಲ್ಲ. ಆ ಮನೆಯವರು ಹೊಸ ಬ್ಯಾಟರಿ ತಂದರು. ಮಾರನೇ ದಿನ ಅದೂ ಮಲಗಿತು. ಮ್ಯಾಟ್ ಎತ್ತಿ ನೋಡಿದ್ದರೆ ಬಿಳಿ ಪ್ಲಾಸ್ಟಿಕ್ ಚೂರು ಅಲ್ಲೇ ಬಿದ್ದಿತ್ತು.

ನಾವು: ನಮ್ಮ ಗಾಡಿಗೆ ವಾಪಸ್ ಬನ್ನಿ. ಬಲಗಡೆ ಉರಿಯುತ್ತದೆ, ಮೇಲಿನದೂ ಉರಿಯುತ್ತದೆ. ಫ್ಯೂಸು, ಸ್ವಿಚ್ಚು ಎರಡೂ ಸರಿ. ಎಡಗಡೆ ಮಾತ್ರ ಕತ್ತಲೆ.

ಬಲ್ಬು: ಬರೀ ಕತ್ತಲೆ ಅಲ್ಲ, ಸರಿಯಾಗಿ ನೋಡಿ. ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಹಿಂದೆ ಬನ್ನಿ. ಏನು ಕಾಣುತ್ತೆ?

(ರಾಯರ ಮನೆಯ ಪೊರಕೆಯ ಹಿಡಿ ಈ ಕೆಲಸಕ್ಕೆ ಒದಗಿತು. ಎಡಗಡೆಯ ಹೊಸ ಬಲ್ಬು ಸುಮ್ಮನಿತ್ತು. ಆದರೆ ಅದರ ಕೆಳಗಿನ ಹಳದಿ ಇಂಡಿಕೇಟರ್, ಯಾರೂ ಹಾಕದಿದ್ದರೂ, ಮಂಕಾಗಿ ಉರಿಯುತ್ತಿತ್ತು.)

ನಾವು: ಇಂಡಿಕೇಟರ್ ಯಾಕೆ ಉರಿಯುತ್ತಿದೆ?

ಬಲ್ಬು: ಸಿಕ್ಕಿಬಿದ್ದ ಕಳ್ಳ! ನನಗೆ ಬಂದ ಕರೆಂಟು ಕೆಲಸ ಮುಗಿಸಿ ವಾಪಸ್ ಹೋಗೋದಕ್ಕೆ ಒಂದು ದಾರಿ ಬೇಕು ಸ್ವಾಮಿ. ಆ ದಾರಿಯೇ ಅರ್ಥಿಂಗು. ಹೆಚ್ಚಿನ ಗಾಡಿಗಳಲ್ಲಿ ಕಪ್ಪು ವೈರು, ದೀಪದ ಹಿಂದೆ ಬಾಡಿಗೆ ಒಂದು ಬೋಲ್ಟಿನಲ್ಲಿ ಬಿಗಿದಿರ್ತಾರೆ. ಡಿ ದರ್ಜೆ ನೌಕರ, ಅವನ ಹೆಸರು ಯಾವ ಕಡತದಲ್ಲೂ ಇಲ್ಲ. ಅವನು ಕೈಬಿಟ್ಟರೆ ಕರೆಂಟು ಪಕ್ಕದ ಇಂಡಿಕೇಟರಿನ ಮನೆಯೊಳಗೆ ನುಗ್ಗಿ ಹಿತ್ತಿಲ ಬಾಗಿಲಿಂದ ಹೋಗುತ್ತೆ. ಅದಕ್ಕೇ ಅಲ್ಲಿ ಮಂಕು ಬೆಳಕು, ನನ್ನಲ್ಲಿ ಭಗ್ ಅನ್ನೋ ಬೆಳಕಿಲ್ಲ. ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕೋದು ಕಂಡರೆ ಬಲ್ಬಿನ ಅಂಗಡಿಗೆ ಹೋಗಬೇಡಿ, ಕಪ್ಪು ವೈರು ಹುಡುಕಿ.

ನಾವು: ಅದು ಯಾಕೆ ಕೆಟ್ಟಿತು?

ಬಲ್ಬು: ಮಳೆ. ಲ್ಯಾಂಪಿನ ಸುತ್ತ ಇರೋ ರಬ್ಬರು ಒಣಗಿ ಸೀಳಿದೆ. ಅದರ ಮೇಲೆ ವಾಟರ್ ವಾಶ್‌ನವನು ಪ್ರೆಷರಿನಲ್ಲಿ ನೀರು ಹೊಡೀತಾನೆ, ರಾಯರು ಪಕ್ಕದಲ್ಲಿ ನಿಂತು "ಇನ್ನೂ ಹೊಡಿಯಪ್ಪ, ಕೆಸರಿದೆ" ಅಂತಾರೆ.

(ಈ ಹಂತದಲ್ಲಿ ರಾಯರು ವಿಡಿಯೋ ನಿಲ್ಲಿಸಿ ನಮ್ಮ ಮಾತಿಗೆ ಕಿವಿಗೊಟ್ಟರು. ಕೀ ತೆಗೆದು, ಡಿಕ್ಕಿಯ ಮೂಲೆಯ ಕಾರ್ಪೆಟ್ ಸರಿಸಿದರು. ಕಪ್ಪು ವೈರಿನ ತುದಿಯ ಬಳೆಯ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಬೋಲ್ಟು ಬೆರಳಿಗೇ ತಿರುಗಿತು. ಉಪ್ಪುಕಾಗದದಲ್ಲಿ ಬಳೆಯನ್ನೂ ಅದು ಕೂರುವ ಜಾಗವನ್ನೂ ಲೋಹ ಹೊಳೆಯುವ ತನಕ ಉಜ್ಜಿದರು. ಹೋಲ್ಡರಿನೊಳಗಿನ ನಾಲಿಗೆಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ತುಸು ಎತ್ತಿದರು. ಬೋಲ್ಟು ಬಿಗಿದರು.)

ನಾವು: ನಿಮ್ಮನ್ನು ಮರುನೇಮಕ ಮಾಡುತ್ತಿದ್ದಾರೆ. ಏನಾದರೂ ಷರತ್ತು?

ಬಲ್ಬು: ಬುಡದ ಎರಡು ಚುಕ್ಕೆಗಳನ್ನ ಉಜ್ಜಿ ಹಾಕಲಿ. ಮತ್ತೆ ಪಿನ್ನು ನೋಡಿಕೊಂಡು ಹಾಕಲಿ. ನನ್ನ ಎರಡು ಪಿನ್ನು ಒಂದೇ ಎತ್ತರದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಬೇಕಂತಲೇ ಹಾಗೆ ಮಾಡಿದ್ದಾರೆ, ಉಲ್ಟಾ ಕೂರಬಾರದು ಅಂತ. ನಮ್ಮ ಜನ ಒತ್ತಿ ಒತ್ತಿ ಉಲ್ಟಾನೇ ಕೂರಿಸ್ತಾರೆ. ಆಮೇಲೆ ರಾತ್ರಿಯೆಲ್ಲ 21 ವ್ಯಾಟು ಉರಿದು, ಬ್ರೇಕ್ ಒತ್ತಿದಾಗ 5 ವ್ಯಾಟು ಉರಿಯುತ್ತೆ. ಹಿಂದಿನವನು ನಮ್ಮನ್ನ ನೋಡಿ ಏನಂತ ತಿಳ್ಕೋಬೇಕು?

ನಾವು: ಹೊಸ ಬಲ್ಬಿನ ಗತಿ?

ಬಲ್ಬು: ಗ್ಲೋವ್ ಬಾಕ್ಸಿನಲ್ಲಿ ಇರಲಿ, ಪ್ಯಾಕಿನ ಸಮೇತ. ನನಗೂ ವಯಸ್ಸಾಯಿತು.

(ಬಲ್ಬು ಕೂತಿತು. ಪೊರಕೆ ಹಿಡಿ ಮತ್ತೆ ಪೆಡಲಿಗೆ ಹೋಯಿತು. ಎಡ, ಬಲ ಎರಡೂ ಒಂದೇ ಕಾಂತಿಯಲ್ಲಿ ಕೆಂಪಾದವು, ಇಂಡಿಕೇಟರ್ ತೆಪ್ಪಗಾಯಿತು. ಉಪ್ಪುಕಾಗದಕ್ಕೆ ಹತ್ತು ರೂಪಾಯಿ. ಕರಡಿಯನ್ನೂ ದಿಂಬುಗಳನ್ನೂ ಮನೆಯೊಳಗೆ ಸಾಗಿಸಲು ರಾಯರ ಮಗಳು ಒಪ್ಪಲಿಲ್ಲ. ಆ ಮಾತುಕತೆ ನಡೆಯುತ್ತಿದೆ.)

ನಾವು: ಕೊನೆಯದಾಗಿ, ಓದುಗರಿಗೆ?

ಬಲ್ಬು: ವಾರಕ್ಕೊಮ್ಮೆ ಸಂಜೆ ಗಾಡಿಯನ್ನ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ನೋಡಿ. ಗೋಡೆ ಮೇಲೆ ಎರಡು ಕೆಂಪು ಬೆಳಕು ಬೀಳಬೇಕು. ಮುಂದಿರೋ ಗಾಡಿಯ ದೀಪ ಹೋಗಿದ್ದು ಕಂಡರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ಹೇಳಿ, ಅದು ಆ ಮನುಷ್ಯನಿಗೆ ತಾನಾಗಿ ತಿಳಿಯೋ ವಿಷಯ ಅಲ್ಲ. ಹೇಳುವಾಗ "ಸಾರ್, ಲೈಟ್ ಹೋಗಿದೆ" ಅಂತ ಕೂಗಿ ಹೊರಟುಹೋಗಬೇಡಿ, ಅವರು ಹೆಡ್‌ಲೈಟ್ ನೋಡಿ ಸುಮ್ಮನಾಗ್ತಾರೆ. "ಹಿಂದೆ, ಬ್ರೇಕ್ ಲೈಟು, ಎಡಗಡೆ" ಅಂತ ಬಿಡಿಸಿ ಹೇಳಿ.