ಕೂತವನ ಚಡ್ಡಿ

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ತುಂಡಾಗಿ ಕಟ್ಟಿದರು. ಬೆಂಗಳೂರಿನಿಂದ ನಿಡಘಟ್ಟಕ್ಕೆ 56 ಕಿಲೋಮೀಟರಿನ ಒಂದು ತುಂಡು, ನಿಡಘಟ್ಟದಿಂದ ಮೈಸೂರಿಗೆ 61 ಕಿಲೋಮೀಟರಿನ ಇನ್ನೊಂದು. ಎರಡನ್ನೂ ಸೇರಿಸಿ ಹೊಲಿದದ್ದು ನಮ್ಮೂರಿನಲ್ಲಿ. 2023ರ ಮಾರ್ಚ್ 12ರಂದು ಪ್ರಧಾನಿಗಳು ಬಂದು ಉದ್ಘಾಟಿಸಿಯೂ ಹೋದರು. ಕಾರಿನಲ್ಲಿ ಓಡುವವರಿಗೆ ಈ ಹೊಲಿಗೆ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದು ತಿಳಿಯುವುದೇ ಇಲ್ಲ. ಗಂಡಸರ ಚಡ್ಡಿಯನ್ನೂ ಇಷ್ಟು ನಾಜೂಕಾಗಿ ಹೊಲಿಯುವ ಎಂಜಿನಿಯರ್ ಒಬ್ಬ ಸಿಕ್ಕಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾದ ಮೇಲೆ ನನ್ನ ಸೊಂಟದ ಕೆಳಗಿನ ಸೀಮೆಯಿಂದ ಸುದ್ದಿ ಬರುವುದು ನಿಂತಿದೆ. ಎಳನೀರಿಗೆ ಹೆಸರಾದ ಮದ್ದೂರು ಸೀಮೆಯಲ್ಲಿ ಮರದಿಂದ ಬಿದ್ದವನು ಎಂದರೆ ಯಾರೂ ಬೆರಗಾಗುವುದಿಲ್ಲ, "ಯಾವ ಮರ?" ಎಂದಷ್ಟೇ ಕೇಳುತ್ತಾರೆ. ಕಾಲಿನ ಸುದ್ದಿ ಬಾರದಿದ್ದರೆ ಗಾಲಿಕುರ್ಚಿ ಇದೆ. ಕುಂಡೆಯ ಸುದ್ದಿ ಬಾರದಿದ್ದರೆ ಮಾತ್ರ ಕಷ್ಟ. ನೀವು ಮದುವೆ ಮನೆಯ ಕಬ್ಬಿಣದ ಕುರ್ಚಿಯಲ್ಲಿ ಕೂತಾಗ ನಿಮಗೆ ಅರಿವಿಲ್ಲದೆಯೇ ಆಗಾಗ ಅತ್ತಿತ್ತ ಸರಿಯುತ್ತೀರಿ, ಒಳಗಿನಿಂದ ದೂರು ಬಂದಿರುತ್ತದೆ. ನನ್ನದು ದೂರು ಕೊಡುವುದಿಲ್ಲ. ಹೊಲಿಗೆಯ ಗಂಟಿನ ಮೇಲೆ ಬೆಳಗಿನಿಂದ ಬೈಗಿನವರೆಗೆ ಕೂರಿಸಿದರೂ ತುಟಿಪಿಟಕ್ ಅನ್ನುವುದಿಲ್ಲ. ರಾತ್ರಿ ಮಗ್ಗುಲಾಗಿ ಮಲಗಿ, ಹಿಂದೆ ಕನ್ನಡಿ ಹಿಡಿದು ನೋಡಿದರೆ ಕೆಂಪು ಗೆರೆ. ಆ ಕೆಂಪು ಇಳಿಯದಿದ್ದರೆ ಹುಣ್ಣು. ಹುಣ್ಣಾದರೆ ಬೋರಲು ಮಲಗಿ ತಿಂಗಳುಗಟ್ಟಲೆ ನೆಲದ ಇರುವೆಗಳ ಓಡಾಟ ನೋಡುವುದು.

ತಮಾಷೆಯ ಮಾತಲ್ಲ ಇದು. ಒಂದು ಕಾಲಕ್ಕೆ ನಮ್ಮಂಥವರನ್ನು ಸಾಯಿಸುತ್ತಿದ್ದದ್ದು ಬೆನ್ನಿನ ಏಟಿಗಿಂತ ಈ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಗೆ ಬಂದ ಲುಡ್ವಿಗ್ ಗಟ್‌ಮನ್ ಎಂಬ ವೈದ್ಯರು, ರೋಗಿಗಳ ಮಗ್ಗುಲನ್ನು ರಾತ್ರಿಯೂ ಬಿಡದೆ ಎರಡು ಗಂಟೆಗೊಮ್ಮೆ ಬದಲಿಸುವ ಕಟ್ಟುನಿಟ್ಟು ತಂದರು. ಜನ ಬದುಕತೊಡಗಿದರು. ಬದುಕಿದವರಿಗೆ 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಬಿಲ್ಲುಗಾರಿಕೆಯ ಪಂದ್ಯ ಇಟ್ಟರು. ಪ್ಯಾರಾಲಿಂಪಿಕ್ಸಿನ ಬೇರು ಅದು. ಈಗ ಪದಕ ಗೆದ್ದು ಬಂದವರ ಮುಂದೆ ಮೈಕು ಹಿಡಿದು ಎಲ್ಲವನ್ನೂ ಕೇಳುತ್ತಾರೆ. ಎಂಥ ಚಡ್ಡಿ ಹಾಕಿಕೊಂಡು ಗೆದ್ದಿರಿ ಎಂದು ಯಾವ ಪತ್ರಕರ್ತನೂ ಕೇಳುವುದಿಲ್ಲ. ನನಗೆ ಬೇಕಾದ ಸುದ್ದಿ ಅದೊಂದೇ.

ಇನ್ನು ಅಂಗಡಿಯ ಕಥೆ. ಪಕ್ಕದಲ್ಲಿ ಎರಡು ಚಕ್ರ ಕಟ್ಟಿಸಿದ ನನ್ನ ಸ್ಕೂಟರಿಗೆ ಹೆದ್ದಾರಿಯ ನಡುದಾರಿಯಲ್ಲಿ ಪ್ರವೇಶವಿಲ್ಲ, ಸರ್ವಿಸ್ ರೋಡೇ ಗತಿ. ಹಾಗೆ ಕುಲುಕಿಕೊಂಡು ಮದ್ದೂರು ಪೇಟೆ ತಲುಪಿದರೆ ಬಟ್ಟೆ ಅಂಗಡಿಗೆ ಮೆಟ್ಟಿಲು. ನಾನು ಒಳಗೆ ಹೋಗಲಾರೆ, ಆದ್ದರಿಂದ ಚಡ್ಡಿಗಳೇ ಬೀದಿಗೆ ಬಂದವು. ಅಂಗಡಿಯ ಹುಡುಗ ಡಬ್ಬಿಗಳನ್ನು ಸ್ಕೂಟರಿನ ಸೀಟಿನ ಮೇಲೆ ಪೇರಿಸಿ ಒಂದೊಂದನ್ನೇ ಬಿಡಿಸಿ ಎತ್ತಿ ಹಿಡಿದ. ಅಷ್ಟು ಸಾಕಾಯಿತು, ಹೂವಿನಮ್ಮ ಕಟ್ಟುವುದು ಬಿಟ್ಟು ನೋಡಿದಳು. ಊರಿನ ಹಿರಿಯರೊಬ್ಬರು ನಿಂತು, "ಯಾರ ಮದ್ವೆಗ್ಲಾ ಜವಳಿ?" ಅಂದರು.

"ಸೈಜ್ ಎಷ್ಟಣ್ಣ? ತೊಂಬತ್ತಾ, ತೊಂಬತ್ತೈದಾ?"

ಇದಕ್ಕೆ ಒಂದೇ ಅಂಕಿಯಲ್ಲಿ ಉತ್ತರ ಹೇಳುವುದು ನನ್ನಿಂದಾಗದು. ಹೊಟ್ಟೆಯ ಸ್ನಾಯುಗಳು ಕೆಲಸ ಬಿಟ್ಟಿರುವುದರಿಂದ ಹೊಟ್ಟೆ ಮುಂದಕ್ಕೆ ಬಂದಿದೆ, ಕೂತರೆ ಇನ್ನೂ ಮುಂದಕ್ಕೆ. ತೊಡೆಗಳು ಓಡಾಟವಿಲ್ಲದೆ ಸೊರಗಿವೆ. ಸೊಂಟಕ್ಕೆ ನೂರು, ತೊಡೆಗೆ ಎಂಬತ್ತು. ಸೊಂಟಕ್ಕೆ ಸರಿಯಾದದ್ದು ತೊಡೆಯ ಹತ್ತಿರ ಜೋತು ಮಡಿಕೆ ಬೀಳುತ್ತದೆ, ಮಡಿಕೆಯ ಮೇಲೆ ನಾನು ಕೂರುತ್ತೇನೆ. ತೊಡೆಗೆ ಸರಿಯಾದದ್ದು ಹೊಟ್ಟೆಯನ್ನು ಎರಡು ಭಾಗ ಮಾಡುತ್ತದೆ, ಜೊತೆಗೆ ಕಾಲಿನ ಚೀಲಕ್ಕೆ ಇಳಿಯುವ ಮೂತ್ರದ ಟ್ಯೂಬನ್ನು ಎಲಾಸ್ಟಿಕ್ ಹಿಸುಕಿ ಹಿಡಿಯುತ್ತದೆ. ಹರಿಯಬೇಕಾದದ್ದು ನಿಂತರೆ ಏನಾಗುತ್ತದೆಂದು ನಾಲೆ ಬಯಲಿನ ಮಂಡ್ಯದವರಿಗೆ ನಾನು ವಿವರಿಸಬೇಕಿಲ್ಲ.

"ಡಾರ್ಕ್ ಕಲರ್ ತಗಳಿ ಅಣ್ಣ, ಕೊಳೆ ಕಾಣಕ್ಕಿಲ್ಲ."

"ಕಾಣ್ಬೇಕು ಕಣಪ್ಪ. ಬಿಳೀದು ಕೊಡು."

ಹುಡುಗ ಹಿರಿಯರ ಮುಖ ನೋಡಿದ. ಚರ್ಮ ಒಡೆದು ಒಂದು ಹನಿ ರಕ್ತ ಬಂದರೂ ನನಗೆ ಹೇಳುವುದು ಬಟ್ಟೆಯೊಂದೇ, ಅದು ಕಪ್ಪಗಿದ್ದು ಗುಟ್ಟು ಕಾಪಾಡಿದರೆ ನನ್ನ ಗತಿಯೇನು ಎಂದು ಪೇಟೆಬೀದಿಯಲ್ಲಿ ಹೇಳುವುದು ಹೇಗೆ? ಹೂವಿನಮ್ಮ, "ಆ ನೀಲಿದು ಲಕ್ಷಣವಾಗೈತಲ್ಲ" ಎಂದು ತೀರ್ಪು ಕೊಟ್ಟಳು.

ಡಬ್ಬಿಗಳ ಮೇಲಿನ ಗಂಡಸರನ್ನು ಗಮನಿಸಿದ್ದೀರಾ? ಒಬ್ಬನೂ ಕೂತಿಲ್ಲ. ಕೈ ಕಟ್ಟಿ ನಿಂತವನು, ಜಿಗಿಯುತ್ತಿರುವವನು, ಕಿಟಕಿಯಾಚೆ ನೋಡುತ್ತ ನಿಂತವನು. ಈ ಚಡ್ಡಿಗಳ ಮೂಲಪುರುಷನೂ ನಿಂತವರಿಗಾಗಿಯೇ ಹುಟ್ಟಿದ್ದು: 1935ರ ಜನವರಿಯ ಕೊರೆಯುವ ಚಳಿಯಲ್ಲಿ ಶಿಕಾಗೊದ ಅಂಗಡಿಯೊಂದರಲ್ಲಿ ಜಾಕಿ ಬ್ರೀಫ್ ಮೊದಲು ಮಾರಾಟಕ್ಕೆ ಬಂತು, ಎತ್ತಿ ಹಿಡಿದು ಆಸರೆ ಕೊಡುವುದೇ ಅದರ ಹೆಚ್ಚುಗಾರಿಕೆ. ಓಡುವವರಿಗೆ ಆಸರೆ ಬೇಕು, ಸರಿ. ಕೂತೇ ಇರುವವನಿಗೆ ಆಸರೆ ಕೊಡಲು ಕುರ್ಚಿ ಇದೆಯಲ್ಲ.

ಕುತ್ತಿಗೆಯ ಹತ್ತಿರ ಏಟಾದ ನನ್ನ ಗೆಳೆಯನ ಪಾಡು ಇನ್ನೂ ವಿಚಿತ್ರ. ಅವನಿಗೆ ಚಡ್ಡಿ ಬಿಗಿಯಾದರೆ ತಲೆನೋವು ಬರುತ್ತದೆ. ಎದೆಯ ಮೇಲ್ಭಾಗದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿ ಕೆಟ್ಟವರಿಗೆ ಕೆಳಗಿನ ಕಿರಿಕಿರಿ ಕಿರಿಕಿರಿಯಾಗಿ ತಿಳಿಯದೆ, ರಕ್ತದೊತ್ತಡ ಒಮ್ಮೆಲೇ ಏರಿ, ತಲೆ ಸಿಡಿದು ಮುಖ ಬೆವರುತ್ತದೆ. ಜೀವಕ್ಕೆ ಅಪಾಯ. ವೈದ್ಯರು ಕಲಿಸಿದ ಮೊದಲ ಉಪಚಾರ: ನೆಟ್ಟಗೆ ಕೂರಿಸು, ಬಿಗಿ ಬಟ್ಟೆ ಸಡಿಲಿಸು, ಟ್ಯೂಬ್ ಮಡಚಿದೆಯೇ ನೋಡು. ಒಮ್ಮೆ ನೆಂಟರ ಮನೆಯಲ್ಲಿ ಅವನು "ತಲೆನೋವು" ಅಂದದ್ದಕ್ಕೆ ಮನೆಯೊಡತಿ ಅಮೃತಾಂಜನ ಹುಡುಕುವಷ್ಟರಲ್ಲಿ ಅವನ ಹೆಂಡತಿ ಗಂಡನ ಲಾಡಿಗೆ ಕೈ ಹಾಕಿದ್ದಳು. ಆ ಮನೆಯವರು ಈಗಲೂ ಆ ದೃಶ್ಯಕ್ಕೆ ಅರ್ಥ ಹುಡುಕುತ್ತಿದ್ದಾರೆ.

ನಮ್ಮ ಮನೆಯಲ್ಲಿ ಪರಿಹಾರಕ್ಕೆ ಬರವಿರಲಿಲ್ಲ. ಅವ್ವ, "ಪಂಚೆ ಉಟ್ಕೊ, ಒಳಗೇನೂ ಬ್ಯಾಡ ಬುಡು" ಅಂದಳು. ವೈದ್ಯಕೀಯವಾಗಿ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ, ಗಾಳಿಯಾಡುತ್ತದೆ, ಬೆವರು ನಿಲ್ಲುವುದಿಲ್ಲ. ಆದರೆ ಅವ್ವ ಸರ್ವಿಸ್ ರೋಡಿನಲ್ಲಿ ಲಾರಿಯ ಪಕ್ಕ ಸ್ಕೂಟರ್ ಓಡಿಸಿದವಳಲ್ಲ. ಅಪ್ಪ ತನ್ನ ಅಪ್ಪನ ಕೋಮಣದ ಕೀರ್ತಿ ಹಾಡಿದ. ಮಲಗಿದಲ್ಲೇ ಕಟ್ಟಬಹುದು, ನಿಜ, ಆದರೆ ಅದರ ಬಟ್ಟೆ ಹಿಂದೆ ಸುರುಳಿಯಾಗಿ ಕೂರುವ ಜಾಗಕ್ಕೇ ಬರುತ್ತದೆ. ಅಪ್ಪನದೇ ಪಟಾಪಟಿ ಚಡ್ಡಿ ಸಡಿಲವೂ ಹೌದು, ಹತ್ತಿಯೂ ಹೌದು, ಲಾಡಿ ಬೇಕಾದಷ್ಟು ಬಿಡಬಹುದು. ದುರದೃಷ್ಟಕ್ಕೆ ಟೈಲರ್ ಅದರ ನಾಲ್ಕೂ ಹೊಲಿಗೆಗಳನ್ನು ತಂದು ಸಂಧಿಸುವುದು ನಾನು ಕೂರುವಲ್ಲೇ.

ದಾರಿ ತೋರಿಸಿದ್ದು ಗಾರ್ಮೆಂಟ್ಸಿಗೆ ಹೋಗುವ ನಾದಿನಿ. ಅಂಗಡಿಯಿಂದ ತಂದದ್ದನ್ನು ತಿರುವಿ ನೋಡಿ, "ಭಾವ, ಇದು ಓವರ್‌ಲಾಕು, ಮುಟ್ಟಿ ನೋಡಿ ಹೆಂಗೆದ್ದೈತೆ. ಫ್ಲಾಟ್‌ಲಾಕ್ ಇರೋದು ತಗೊಬೇಕು. ಅಲ್ಲೀಗಂಟ ಇದನ್ನೇ ಒಳಮೈ ಹೊರಕ್ಕೆ ಮಾಡ್ಕೊಂಡು ಹಾಕ್ಕಳಿ" ಅಂದಳು. ಲೇಬಲ್ ಕತ್ತರಿಸಿ, ಹೊಲಿಗೆ ಹೊರಗೆ ಮಾಡಿ ತೊಟ್ಟೆ. ರಾತ್ರಿ ಕನ್ನಡಿಯಲ್ಲಿ ಗೆರೆ ಇರಲಿಲ್ಲ. ಅವ್ವ ಮಾತ್ರ ಒಣಹಾಕುವಾಗಲೆಲ್ಲ ಅದನ್ನು ಸರಿ ಮಾಡಿ ಮಡಚಿಡುತ್ತಿದ್ದಳು, ನಾನು ಮತ್ತೆ ತಿರುವುತ್ತಿದ್ದೆ.

ಆಮೇಲೆ ನಾದಿನಿ ಪಟಾಪಟಿಯನ್ನೇ ಹೊಸದಾಗಿ ಕತ್ತರಿಸಿದಳು. ಹಿಂದೆ ಇಡೀ ಒಂದೇ ಹಾಳೆ, ಹೊಲಿಗೆಗಳೆಲ್ಲ ತೊಡೆಯ ಹೊರಬದಿಗೆ, ಮುಂದೆ ಟ್ಯೂಬಿಗೆ ಅಗಲ ಬಾಯಿ, ಗಂಟು ಹೊಕ್ಕುಳ ಪಕ್ಕಕ್ಕೆ, ಬಟ್ಟೆ ಅಚ್ಚ ಬಿಳಿ. ಪಟ್ಟೆಯಿಲ್ಲದ ಪಟಾಪಟಿ. ಜಗಲಿಯ ಮೇಲೆ ದಿನವಿಡೀ ಕೂರುವ ಅಪ್ಪ ಅದನ್ನು ಮೂರು ದಿನ ತಂತಿಯ ಮೇಲೆ ನೋಡಿ, ನಾಲ್ಕನೆಯ ದಿನ ನನ್ನ ಕಿವಿಗೆ ಬಗ್ಗಿ, "ನಂಗೂ ಎರಡು ಹೊಲಿಸ್ಲಾ" ಅಂದ. ಆದರೆ ಸೊಸೆಯ ತಂಗಿಗೆ ಅಳತೆ ಕೊಡಲು ಒಪ್ಪಲಿಲ್ಲ.

"ಅಳ್ತೆ ಯಾಕೆ, ಭಾವಂದ್ರಲ್ಲೇ ಹೊಲೀತೀನಿ" ಅಂದಳು ಅವಳು.

"ಅವನ ಹೊಟ್ಟೆ ನಂಗೆಲ್ಲಿಂದ ತರ್ಲವ್ವ?" ಎಂದು ಅಪ್ಪ ಜಗಲಿಯಿಂದಲೇ ಕೂಗಿ ಹೇಳಿದ.