ನಾನ್ ಬಿ ಅಡ್ಮಿನ್

ಬೀದರಿನ ಚೌಬಾರಾ ಹತ್ತಿರ ನಿಂತು ಚಾ ಕುಡಿಯುವಾಗ ಹೊಳೆದ ವಿಚಾರಗಳನ್ನು ಕಪ್ಪಿನ ಜೊತೆಗೇ ಅಲ್ಲಿ ಬಿಟ್ಟು ಬರಬೇಕು. ನಾನು ಒಂದನ್ನು ಮನೆಗೆ ತಂದೆ. ನಮ್ಮ ಕಡೆಯ ಮಾತುಗಳು ಒಂದೊಂದೇ ಕಾಣೆಯಾಗುತ್ತಿವೆ, ಯಾರಾದರೂ ಕೂಡಿಹಾಕಬೇಕು ಎಂದ ಗೆಳೆಯ. 'ಯಾರಾದರೂ' ಅನ್ನುವಾಗ ನನ್ನನ್ನೇ ನೋಡಿದ. ಅಂದೇ ರಾತ್ರಿ 'ಬೀದರ ಮಾತು' ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಸದಸ್ಯರು ಮೂವರು: ನಾನು, ಅವನು, ಗುಂಪು ಮಾಡಿಕೊಟ್ಟ ನನ್ನ ಮಗಳು. ಮಗಳು ಮರುದಿನ ಬೆಳಿಗ್ಗೆಯೇ ಹೊರನಡೆದಳು. ಒಂದು ಗುಂಪಿನಲ್ಲಿ 1024 ಮಂದಿಗೆ ಜಾಗವಿದೆಯಂತೆ. ನಮ್ಮಲ್ಲಿ 1022 ಕುರ್ಚಿ ಖಾಲಿ.

ತುಂಬತೊಡಗಿದ್ದು ಭಾಲ್ಕಿಯ ನಿವೃತ್ತ ಮಾಸ್ತರರು ಬಂದ ಮೇಲೆ. ಅವರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಹಾಜರಿ ಪುಸ್ತಕ ನೋಡಿ ಸೇರಿಸಿದಂತಿತ್ತು. ಉದಗೀರದಿಂದ ಒಬ್ಬರು, ಜಹೀರಾಬಾದಿನಿಂದ ಇಬ್ಬರು ಬಂದರು. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಉದಗೀರ ಮರಾಠಿಗರ ಪಾಲಿಗೂ ಜಹೀರಾಬಾದ್ ತೆಲುಗರ ಪಾಲಿಗೂ ಹೋದವು. ನಮ್ಮ ಹಳೆಯ ಬೀದರ ಜಿಲ್ಲೆಯನ್ನು ನಾನು ಒಂದೇ ಸಂಜೆ, ಆಯೋಗ ಗೀಯೋಗ ಇಲ್ಲದೆ, ಮತ್ತೆ ಕೂಡಿಸಿಬಿಟ್ಟೆ.

ಕೂಡಿಸಿದ್ದು ಸುಲಭ, ಮಾತಾಡಿಸುವುದು ಕಷ್ಟ. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಗುಂಪಿನದು ತಿರುಗಾಮುರುಗಾ. ಹೊರಗೆ ಕನ್ನಡ ಬೋರ್ಡು. ಒಳಗೆ ಹಿಂದಿ ಶಾಯರಿ, ಮರಾಠಿ ಅಭಂಗ, ಇಂಗ್ಲಿಷಿನಲ್ಲಿ ಗುಲಾಬಿ ಹೂವಿನ ಗುಡ್ ಮಾರ್ನಿಂಗ್. ನಾನು ಮೂರು ದಿನ 'ಹಗೇವು' ಎಂಬ ಒಂದೇ ಮಾತು ಹಿಡಿದು ಕೂತೆ. ನೆಲದಡಿಯಲ್ಲಿ ಜೋಳ ತುಂಬಿಡುತ್ತಿದ್ದ ಕುಣಿ, ನಿಮ್ಮೂರಲ್ಲಿ ಏನಂತೀರಿ ಎಂದು ಕೇಳಿದೆ. ಉತ್ತರವಾಗಿ ಎರಡು ಹೆಬ್ಬೆರಳು ಬಂದವು. ಅದರಲ್ಲಿ ಒಂದು ಗೆಳೆಯನದು.

ನಾಲ್ಕನೆಯ ದಿನ ಔರಾದಿನ ಕಾಕಾ ಒಬ್ಬರು, ಯಾವ ಗುಂಪಿಗೆ ಕಳಿಸಬೇಕೆಂದಿದ್ದರೋ, ದೇವಣಿ ಹೋರಿಯ ಫೋಟೊ ನಮ್ಮಲ್ಲಿ ಹಾಕಿದರು: 'ಮಾರಾದದ'. ಅಡ್ಮಿನ್ ಅನ್ನುವ ಗತ್ತಿನಲ್ಲಿ ಅಳಿಸಲು ಹೋದೆ. ಅಷ್ಟರಲ್ಲಿ ಹದಿನೇಳು ಮಂದಿ ಮಾತಾಡಿದ್ದರು. ಹಲ್ಲು ಎಷ್ಟು, ಕೋಡು ಹೆಂಗ, ಇಣಿ ಯಾಕ ಒಂದು ಕಡಿ ವಾಲ್ಯಾದ. ಬಿಳಿ ಮೈಯ ದೇವಣಿಗೆ ಮುಖದ ಬದಿ ಕಪ್ಪಾದರೆ ವಾನ್ನೇರಾ, ಮೈಮೇಲೆಲ್ಲ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವರಾ. ಇದು ಎರಡೂ ಅಲ್ಲ ಎಂದು ಒಬ್ಬ, ಎರಡೂ ಹೌದು ಎಂದು ಇನ್ನೊಬ್ಬ. ರಾತ್ರಿ ಹನ್ನೊಂದರವರೆಗೆ ನಾನು ನೋಟ್‌ಬುಕ್ಕಿನಲ್ಲಿ ಬರೆದದ್ದೇ ಬರೆದದ್ದು. ಮಾತು ಬೇಕೆಂದರೆ ಮಾತು ಕೇಳಬಾರದು, ಹೋರಿ ಮಾರಬೇಕು. ಆಮೇಲೆ ನಾನೇ ವಾರಕ್ಕೊಂದು ಸುಳ್ಳು ವ್ಯಾಪಾರ ಹೂಡತೊಡಗಿದೆ: ಒಮ್ಮೆ ಕೂರಿಗೆ, ಒಮ್ಮೆ ಹಳೆಯ ತೊಲೆಬಾಗಿಲು. ಕೂರಿಗೆಗೆ ನಿಜವಾಗಿಯೂ ಗಿರಾಕಿ ಬಂದು ಮನೆ ಮುಂದೆ ನಿಂತದ್ದು ಬೇರೆ ಕತೆ.

ಗುಂಪಿಗೆ ಹುರುಪು ಬರಲೆಂದು ಇಂಗ್ಲೆಂಡಿನ ಕತೆಯನ್ನೂ ಹಾಕಿದೆ. ಆಕ್ಸ್‌ಫರ್ಡ್ ನಿಘಂಟಿಗಾಗಿ ಜೇಮ್ಸ್ ಮರ್ರಿ 1879ರಲ್ಲಿ ಓದುಗರಿಗೆ ಕರೆ ಕೊಟ್ಟದ್ದು, ಮಂದಿ ಚೀಟಿ ಬರೆದು ಬರೆದು ಕಳಿಸಿದ್ದು, ಸಾವಿರಾರು ಚೀಟಿ ಕಳಿಸಿದ ವೈದ್ಯನೊಬ್ಬ ಮಾನಸಿಕ ಆಸ್ಪತ್ರೆಯಲ್ಲಿ ಬಂದಿಯಾಗಿದ್ದದ್ದು. ತಕ್ಷಣ ಕಾಕಾನ ಫೋನು ಬಂತು: 'ಭಾಳ ಮಾತು ಕಳಿಸ್ದಾಂವ ನಾ. ನೀ ಏನ್ ಅನ್ಲತ್ತಿ ಖುಲ್ಲಾ ಹೇಳು.'

ದೊಡ್ಡ ಜಗಳ ಎದ್ದದ್ದು ಎಲ್ಲಕ್ಕಿಂತ ಚಿಕ್ಕ ಮಾತಿಗೆ. ನಮ್ಮ ಕಡೆ 'ನಾನೂ ಬರ್ತೀನಿ' ಅನ್ನುವುದಿಲ್ಲ, 'ನಾನ್ ಬಿ ಬರ್ತಿನಿ' ಅನ್ನುತ್ತೇವೆ. ಈ 'ಬಿ'ಯನ್ನು ಯಾದಿಗೆ ಸೇರಿಸಿದೆ. ಮಾಸ್ತರರು ಕೆಂಪು ಶಾಯಿಯಲ್ಲಿ ಬರೆದಷ್ಟು ಕಟುವಾಗಿ ಟೈಪಿಸಿದರು: 'ಇದು ಉರ್ದುವಿನದು. ಕನ್ನಡವಲ್ಲ. ತೆಗೆಯಿರಿ.' ಕಾಕಾ ಕೇಳಿದರು, 'ಹಂಗಾದ್ರ ಕುರ್ಚಿ, ಖಾಲಿ, ಜಮೀನು ತೆಗೀರಿ. ನಿಂತ್ಕೊಂಡು ಮಾತಾಡಮ.' ಮಾಸ್ತರರು ವ್ಯಾಕರಣದ ಮೇಲೆ ಏಳು ಧ್ವನಿಸಂದೇಶ ಕಳಿಸಿದರು. ಏಳನೆಯದನ್ನು ಯಾರೂ ಕೇಳಿರಲಿಕ್ಕಿಲ್ಲ, ನಾನಂತೂ ಕೇಳಲಿಲ್ಲ. ಕೊನೆಗೆ ಕಾಕಾ, 'ಬಿ ಹೋದ್ರ ನಾನ್ ಬಿ ಹೋಗ್ತಿನಿ' ಎಂದು ಬರೆದು ಗುಂಪು ಬಿಟ್ಟರು. 

ಮಾಸ್ತರರು ಗೆದ್ದರು, ಆದರೆ ಹೋರಿಯ ಮಾತಿಲ್ಲದೆ ಗುಂಪು ಬಣಗುಟ್ಟಿತು. ಎಳ್ಳಮಾವಾಸ್ಯೆ ಹತ್ತಿರ ಬಂತು. ಬೆಂಗಳೂರಿನಲ್ಲಿರುವ ಹುಡುಗನೊಬ್ಬ 'ಭಜ್ಜಿ ತಯಾರ್' ಎಂದು ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿಯ ಫೋಟೊ ಹಾಕಿದ. ಹಸಿ ಕಡಲೆ, ತೊಗರಿಕಾಯಿ, ಅವರೆ, ಗಜ್ಜರಿ, ಮೆಂತೆ, ಉಳ್ಳಾಗಡ್ಡಿ ತಪ್ಪಲು ಎಲ್ಲ ಕೂಡಿ ಕುದ್ದು ಹಿಟ್ಟು ಹಿಡಿದ ನಮ್ಮ ಭಜ್ಜಿಗೆ ಇಂಥ ಅವಮಾನ ಆಗಿರಲಿಲ್ಲ. ನಾನು ಕಾಕಾಗೆ ಫೋನು ಮಾಡಿ ವಿಷಯ ತಿಳಿಸಿದೆ. 'ಎಲ್ಲರಿಗಿ ಹೊಲಕ್ಕ ಕರ್ಕೊಂಡು ಬಾ,' ಎಂದರು.

ಕರ್ನಾಟಕದ ನಕಾಶೆಯ ನೆತ್ತಿಯ ಮೇಲಿನ ಔರಾದಿಗೆ ಅರವತ್ತಮೂರು ಸದಸ್ಯರಲ್ಲಿ ಎಂಟು ಮಂದಿ ಬಂದರು. ಮಾಸ್ತರರೂ ಬಂದರು, ಇಸ್ತ್ರಿ ಮಾಡಿದ ಧೋತರದಲ್ಲಿ. ಜೋಳದ ದಂಟಿನ ಕೊಂಪಿಯಲ್ಲಿ ಪಾಂಡವರೆಂದು ಕೂರಿಸಿದ ಕಲ್ಲುಗಳಿಗೆ ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ. ಅರ್ಧ ತಾಸು ಯಾರೂ ಒಂದು ಮಾತೂ ಆಡಲಿಲ್ಲ. ಕಾಕಾ ಭಜ್ಜಿಯ ಬೋಗುಣಿ ಹಿಡಿದು ಮಾಸ್ತರರ ಮುಂದೆ ಬಂದು ಸುಮ್ಮನೆ ನಿಂತರು. ಮಾಸ್ತರರು ತಲೆ ಎತ್ತಲಿಲ್ಲ. ತಾಟು ಮುಂದೆ ಮಾಡಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ಅಂದರು:

'ಹಾಕ್ರಿ, ಹಾಕ್ರಿ. ಅಡ್ಮಿನ್ ಸಾಹೇಬ್ರಿಗಿ ಬಿ ಹಾಕ್ರಿ.'